ಅತ್ತಿಗೆಯ ಹಸಿರು

ಬಂದರಿನ ಹಿಂಬದಿಯ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಕ್ರೇನಿನವರು, ಹಮಾಲರು, ಕ್ಯಾಂಟೀನಿನವರು, ಬೀಗ ರಿಪೇರಿಯವನು, ಕೊನೆಗೆ ಅವಳಿಗಿಂತ ಎಷ್ಟೋ ವರ್ಷ ದೊಡ್ಡವಳಾದ ಇಸ್ತ್ರಿ ಅಂಗಡಿಯ ಮುದುಕಿ ಕೂಡ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಗಂಡನ ಜೊತೆ ಕೆಲಸ ಮಾಡುವ ನಾಲ್ಕು ಜನ ಶುರುಮಾಡಿದ್ದು ಇಡೀ ಬೀದಿಗೆ ಅಂಟಿಕೊಂಡಿತು. ಮುದುಕಿ ಹಾಗೆ ಕರೆದಾಗ ಮೊದಮೊದಲು ಅವಳಿಗೆ ಮುಜುಗರವಾಗುತ್ತಿತ್ತು. ಆಮೇಲೆ, ಊರಿಗೆಲ್ಲ ಅತ್ತಿಗೆಯಾದ ಮೇಲೆ ವಯಸ್ಸಿನ ಮಾತು ಯಾಕೆ ಎಂದು ಬಿಟ್ಟುಬಿಟ್ಟಳು. ಅವಳನ್ನು ಅಕ್ಕ ಎನ್ನುತ್ತಿದ್ದವನು ಒಬ್ಬನೇ, ಅವಳ ಒಡಹುಟ್ಟಿದ ತಮ್ಮ. ಅವನು ಅವರ ಮನೆಯ ಕೆಳಗೇ ಕ್ಷೌರದ ಅಂಗಡಿ ಇಟ್ಟುಕೊಂಡಿದ್ದ.

ಅವಳ ಕಥೆ ಹೇಳಬೇಕೆಂದರೆ ಹೆಬ್ಬೆರಳಿನಿಂದ ಶುರುಮಾಡಬೇಕು. ಮದುವೆಗೂ ಮುಂಚಿನಿಂದ ಅವಳು ಬಂದರಿನ ಟಾರ್ಪಾಲಿನ್ ಶೆಡ್ಡಿನಲ್ಲಿ ಹೊಲಿಗೆ ಕೆಲಸ ಮಾಡಿದವಳು. ಹಡಗಿನ ಸರಕಿಗೆ ಹೊದಿಸುವ ಆ ದಪ್ಪ ಬಟ್ಟೆಯಲ್ಲಿ ಸೂಜಿ ಸಲೀಸಾಗಿ ಹೋಗುವುದಿಲ್ಲ. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು ಹೆಬ್ಬೆರಳಿನ ಬುಡದಿಂದ ಒತ್ತಿ ತೂರಿಸಬೇಕು. ವರ್ಷಗಟ್ಟಲೆ ಒತ್ತಿ ಒತ್ತಿ ಅವಳ ಬಲಗೈ ಹೆಬ್ಬೆರಳು ಚಪ್ಪಟೆಯಾಗಿ, ಅಗಲವಾಗಿ, ಉಗುರಿನ ಹತ್ತಿರ ಕೊಂಚ ಹಿಂದಕ್ಕೆ ಬಾಗಿತ್ತು. ತಾಯಿ ಬೇಗ ಹೋದ ಮೇಲೆ ತಮ್ಮನನ್ನು ಸಾಕಿದ್ದು ಅದೇ ಕೈ. ಅವನು ಕತ್ತರಿ ಹಿಡಿಯಲು ಕಲಿತದ್ದೂ ಅವಳ ತಲೆಯ ಮೇಲೆಯೇ. ಒಂದಿಡೀ ಬೇಸಿಗೆ ಅವಳು ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ಕೂದಲಿನಲ್ಲಿ ಶೆಡ್ಡಿಗೆ ಹೋಗಿಬಂದಳು. ಕೇಳಿದವರಿಗೆಲ್ಲ, ನನಗೆ ಹೀಗೇ ಇಷ್ಟ ಎಂದಳು. ತಮ್ಮನ ಹೆಸರನ್ನು ಮಾತ್ರ ಬಾಯಿ ಬಿಡಲಿಲ್ಲ. ಅವಳ ಸ್ವಭಾವವೇ ಅಂಥದ್ದು. ಯಾರದೋ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು, ಚೆನ್ನಾಗಿದೆ ಅಲ್ವಾ ಎಂದು ಓಡಾಡುವುದು.

ಆ ಹೆಬ್ಬೆರಳೇ ಮನೆಯಲ್ಲಿ ಆಲಿವ್ ಕಾಯಿಯ ಬೀಜ ತೆಗೆಯುವ ಯಂತ್ರ. ಕಾಯಿಯನ್ನು ಹಲಗೆಯ ಮೇಲಿಟ್ಟು ಒಮ್ಮೆ ಒತ್ತಿದರೆ ಬೀಜ ಚಂಗನೆ ಆಚೆ ಬೀಳುತ್ತಿತ್ತು. ಹುರಿದ ಬಾದಾಮಿ, ಬೆಳ್ಳುಳ್ಳಿ, ಉರಿಯ ಮೇಲೆ ಸುಟ್ಟು ಸಿಪ್ಪೆ ಸುಲಿದ ಒಂದು ಚೂರು ಕೆಂಪು ದೊಣ್ಣೆಮೆಣಸಿನಕಾಯಿ, ವಿನಿಗರಿನಲ್ಲಿ ನೆನೆಸಿದ ಬ್ರೆಡ್ಡಿನ ಅಂಚು ಇವನ್ನು ಕಲ್ಲಿನ ಒರಳಿನಲ್ಲಿ ಮೊದಲು ಕುಟ್ಟುತ್ತಿದ್ದಳು. ಆಮೇಲೆ ಹಸಿರು ಆಲಿವ್ ಹಾಕಿ, ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು, ನಿಂಬೆ ಹಿಂಡಿ, ತೀರ ನುಣ್ಣಗಾಗದ ಹಾಗೆ ಅರೆದು ತೆಗೆಯುತ್ತಿದ್ದಳು. ಬ್ರೆಡ್ಡಿನ ಮೇಲೆ ದಪ್ಪಗೆ ಹಚ್ಚಿ ತಿನ್ನುವ ಈ ಪದಾರ್ಥಕ್ಕೆ ಅದರ ಊರಾದ ಸ್ಪೇನ್ ದೇಶದಲ್ಲಿ ಏನು ಹೆಸರೋ, ಬೀದಿಯವರಿಗೆ ಗೊತ್ತಿರಲಿಲ್ಲ. ಅವರು ಅದನ್ನು ಹಸಿರು ಎನ್ನುತ್ತಿದ್ದರು. ಅತ್ತಿಗೆ ಹಸಿರು ಮಾಡಿದ್ದಾರಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಖಾಲಿ ಬಾಟಲಿಗಳು ಮೆಟ್ಟಿಲು ಹತ್ತಿ ಬರುತ್ತಿದ್ದವು.

ಅದನ್ನು ಕಲಿತದ್ದೇ ಒಂದು ತಮಾಷೆ. ಅವಳ ಗಂಡ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಕ್ರೇನಣ್ಣ ಎಂದರೆ ಅಲ್ಲಿ ಎಲ್ಲರಿಗೂ ಗೊತ್ತು. ಆಕಾಶದಲ್ಲಿ ತೂಗುವ ಗಾಜಿನ ಗೂಡಿನಲ್ಲಿ ಕೂತವನಿಗೆ ಕೆಳಗಿನ ಮಾತು ಕೇಳಿಸುವುದಿಲ್ಲ. ಕೆಳಗೆ ನಿಂತ ಸಿಗ್ನಲ್‌ಗಾರ ಕೈಯಲ್ಲಿ ತೋರಿಸಿದ್ದನ್ನು ನೋಡಿಕೊಂಡು ಭಾರ ಎತ್ತಬೇಕು, ತಿರುಗಿಸಬೇಕು, ಇಳಿಸಬೇಕು. ಹಾಗಾಗಿ ಕೈಸನ್ನೆ ಓದುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂದು ಅವನಿಗೆ ಭಾರಿ ಜಂಬ. ಮದುವೆಯಾದ ಹೊಸದರಲ್ಲಿ ಸ್ಪೇನಿನ ಹಡಗೊಂದರ ಅಡಿಗೆಯವನು ಕ್ಯಾಂಟೀನಿನಲ್ಲಿ ಇವರಿಬ್ಬರಿಗೂ ತನ್ನ ಡಬ್ಬಿಯಿಂದ ಇದನ್ನು ರುಚಿ ತೋರಿಸಿದ. ಅವಳು ಚಪ್ಪರಿಸಿ, ಮಾಡುವುದು ಹೇಗೆ ಎಂದು ಕೇಳಿದಳು. ಅವನ ಭಾಷೆ ಇವರಿಗೆ ಬರದು, ಇವರದು ಅವನಿಗೆ ಬರದು. ಅವನು ಹೆಬ್ಬೆರಳು ಒತ್ತಿ ಬೀಜ ತೆಗೆಯುವುದನ್ನು ತೋರಿಸಿದ, ಮೂಗು ಹಿಡಿದು ಬೆಳ್ಳುಳ್ಳಿ ಎಂದ, ಬೆರಳು ಸುಟ್ಟುಕೊಂಡವನ ಹಾಗೆ ಕುಣಿದು ಮೆಣಸಿನಕಾಯಿ ಸುಡಬೇಕೆಂದ. ಕೊನೆಗೆ ಅಂಗೈಯನ್ನು ನೆಲದ ಕಡೆ ಮಾಡಿ, ಅತ್ತಿತ್ತ ಮೆಲ್ಲಗೆ ಆಡಿಸುತ್ತ ಮುಂದೆ ತಳ್ಳಿದ.

ಅವಳು ಗಂಡನ ಮುಖ ನೋಡಿದಳು. "ಇದು ನನಗೆ ಬಿಡು," ಎಂದ ಕ್ರೇನಣ್ಣ. ಅವರ ಯಾರ್ಡಿನಲ್ಲಿ ಅಂಗೈ ಕೆಳಗೆ ಮಾಡಿ ಮೆಲ್ಲಗೆ ಆಡಿಸಿದರೆ, ನಿಧಾನವಾಗಿ ಇಳಿಸು ಎಂದರ್ಥ. "ನೀರಿಗೆ ಇಳಿಸ್ಬೇಕಂತೆ. ನಿಧಾನಕ್ಕೆ ನೆನೀಬೇಕಂತೆ." ಖಚಿತ ಮಾಡಿಕೊಳ್ಳಲು ಅದೇ ಸನ್ನೆಯನ್ನು ತಿರುಗಿ ಮಾಡಿ ತೋರಿಸಿದ. ಅಡಿಗೆಯವನು ಸಂತೋಷದಿಂದ ಜೋರಾಗಿ ತಲೆಯಾಡಿಸಿದ. ಅಂದಿನಿಂದ ಅವಳು, ದಿನಸಿ ಅಂಗಡಿಯ ಪೀಪಾಯಿಯಿಂದ ತಂದ ಉಪ್ಪುನೀರಿನ ಆಲಿವ್ ಕಾಯನ್ನು ರಾತ್ರಿ ತಣ್ಣೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ತೆಗೆಯತೊಡಗಿದಳು. ನೆನೆದ ಕಾಯಿ ಉಪ್ಪು ಬಿಟ್ಟು ಸಪ್ಪೆಯಾಗುತ್ತಿತ್ತು. ಆದ್ದರಿಂದ ಅರೆದಾದ ಮೇಲೆ ಪೀಪಾಯಿಯ ಉಪ್ಪುನೀರನ್ನೇ ಸ್ವಲ್ಪ ಸುರಿಯಬೇಕಾಗುತ್ತಿತ್ತು. ಆ ಸ್ವಲ್ಪ ಎಂದರೆ ಎಷ್ಟು ಎಂಬುದು ಅವಳ ಕೈಗೆ ಮಾತ್ರ ಗೊತ್ತು. ಇಸ್ತ್ರಿ ಮುದುಕಿ ಎದುರಿಗೇ ಕೂತು ನೋಡಿಕೊಂಡು ಹೋಗಿ ಮನೆಯಲ್ಲಿ ಮಾಡಿದರೂ ಆ ರುಚಿ ಬರಲಿಲ್ಲ.

ಎಷ್ಟೋ ವರ್ಷಗಳಾದ ಮೇಲೆ ಇನ್ನೊಂದು ಹಡಗಿನವನು ಒಂದು ಚಪ್ಪಟೆ ಡಬ್ಬಿ ತಂದು ತೋರಿಸಿದಾಗ ನಿಜ ಹೊರಬಿತ್ತು. ಡಬ್ಬಿಯ ಮೇಲೆ ಬೆರಳುದ್ದದ ಮೀನಿನ ಚಿತ್ರ. ಸ್ಪೇನಿನವರು ಇದಕ್ಕೆ ಉಪ್ಪು ಹಾಕಿದ ಪುಟ್ಟ ಮೀನನ್ನು ಸೇರಿಸಿ ಅರೆಯುತ್ತಾರಂತೆ. ಆ ಅಡಿಗೆಯವನು ಈಜಿಸಿ ತೋರಿಸಿದ್ದು ಮೀನು! ಕ್ರೇನಣ್ಣ ಒಂದು ಗಳಿಗೆ ಪೆಚ್ಚಾದ. ಆಮೇಲೆ, ಮೀನಿಗೆ ನೀರಲ್ಲಿರೋದೇ ಇಷ್ಟ, ಬಿಡು, ಎಂದುಬಿಟ್ಟ. ಅವಳು ನಕ್ಕು ನಕ್ಕು ಒರಳಿನ ಪಕ್ಕದಲ್ಲೇ ಕೂತುಬಿಟ್ಟಳು. ಅಷ್ಟು ಹೊತ್ತಿಗೆ ಬೀದಿಗೆ ಬೀದಿಯೇ ಅವಳ ಮೀನಿಲ್ಲದ ಹಸಿರಿಗೆ ಒಗ್ಗಿಹೋಗಿತ್ತು. ಏನನ್ನೂ ಬದಲಾಯಿಸಲು ಯಾರೂ ಒಪ್ಪಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಕ್ರೇನಣ್ಣನಿಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಹಡಗಿನ ಹೊಟ್ಟೆಯಿಂದ ಲಾರಿಯನ್ನೇ ಎತ್ತಿ ಹೂವಿನ ಹಾಗೆ ಕೆಳಗಿಟ್ಟವನು, ಮನೆಯ ಮೆಟ್ಟಿಲಿನ ಅರ್ಧದಲ್ಲಿ ಕಂಬಿ ಹಿಡಿದು ನಿಂತು ಗೋಡೆಯ ಬಣ್ಣ ನೋಡುವ ನಾಟಕ ಆಡುತ್ತಿದ್ದ. ಕಾಲು ಊದಿಕೊಂಡವು. ಡಾಕ್ಟರ್ ನೋಡಿ, ಎದೆಯ ಬಲ ಕುಗ್ಗಿದೆ, ಕ್ರೇನ್ ಹತ್ತುವುದು ಬೇಡ, ಉಪ್ಪು ನಾಲಿಗೆಗೆ ತಾಗುವುದೂ ಬೇಡ ಎಂದರು. ಉಪ್ಪು ತಿಂದರೆ ಮೈಯಲ್ಲಿ ನೀರು ನಿಲ್ಲುತ್ತದೆ, ನೀರು ನಿಂತರೆ ಎದೆಗೆ ಭಾರ, ಆ ಭಾರ ಅದು ತಾಳುವುದಿಲ್ಲ ಎಂದು ಬಿಡಿಸಿ ಹೇಳಿದರು. ಭಾರದ ಮಾತು ಕ್ರೇನಿನವನಿಗಂತೂ ಯಾರೂ ಎರಡು ಸಲ ಹೇಳಬೇಕಿರಲಿಲ್ಲ.

ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಅವನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಅವಳ ಕೈ ಹಿಡಿದುಕೊಂಡ. "ಯಾರಿಗೂ ಎದೆ ಅಂತ ಹೇಳ್ಬೇಡ ಕಣೇ. ಮೊಣಕಾಲು ಅಂತ ಹೇಳೋಣ. ಮೊಣಕಾಲಿಗೆ ಯಾರೂ ಅಯ್ಯೋ ಪಾಪ ಅನ್ನಲ್ಲ."

ಅವನಿಗೆ ಹಾಗೆನ್ನಿಸಲು ಕಾರಣವಿತ್ತು. ಯಾರ್ಡಿನಲ್ಲಿ ಒಬ್ಬನಿಗೆ ಎದೆಯ ತೊಂದರೆ ಎಂದು ಗೊತ್ತಾದ ದಿನದಿಂದ ಎಲ್ಲರೂ ಅವನ ಕೈಯಿಂದ ಬಕೆಟ್ಟು ಕಸಿದುಕೊಳ್ಳುತ್ತಿದ್ದರು, ಅವನು ಬಂದರೆ ನಗು ನಿಲ್ಲಿಸುತ್ತಿದ್ದರು. ಕೊನೆಗೆ ಅವನು ಕ್ಯಾಂಟೀನಿಗೆ ಬರುವುದನ್ನೇ ಬಿಟ್ಟ. ಅದನ್ನು ಕಣ್ಣಾರೆ ಕಂಡವಳು ಅವಳೂ ಹೌದು. ಮಾತು ಕೊಟ್ಟಳು. ತಮ್ಮನಿಗೂ ಹೇಳಲಿಲ್ಲ. ಕ್ರೇನಣ್ಣನ ಮೊಣಕಾಲು ಸವೆದಿದೆಯಂತೆ ಎಂಬ ಸುದ್ದಿ ಬೀದಿ ಸುತ್ತಿತು. ವರ್ಷಾನುಗಟ್ಟಲೆ ಕೆಳಗೆ ನಿಂತು ಅವನಿಗೆ ಸನ್ನೆ ತೋರಿಸಿದ ಸಿಗ್ನಲಣ್ಣ ಎಲ್ಲಿಂದಲೋ ಮೊಣಕಾಲಿಗೆ ಹಚ್ಚುವ ಎಣ್ಣೆಯ ಶೀಶೆ ತಂದುಕೊಟ್ಟ. ಮುಗಿದಿರಬೇಕು ಎಂದು ಮತ್ತೊಂದು ತಂದ. ಶೀಶೆಗಳು ಕಿಟಕಿಯ ದಂಡೆಯ ಮೇಲೆ ಮುಚ್ಚಳ ಬಿಚ್ಚದೆ ಸಾಲಾಗಿ ನಿಂತವು.

ಅವಳು ಮನೆಯಿಂದ ಉಪ್ಪನ್ನು ಓಡಿಸಿದಳು. ಉಳಿದದ್ದಕ್ಕೆಲ್ಲ ಅವನು ಹೇಗೋ ಹೊಂದಿಕೊಂಡ, ಹಸಿರಿಗೆ ಮಾತ್ರ ಮಗುವಿನ ಹಾಗೆ ಮುಖ ಸಣ್ಣ ಮಾಡಿದ. ಅದನ್ನು ನೋಡಲಾಗದೆ ಅವಳು ಅವನದೊಂದು ಪಾಲನ್ನು ಬೇರೆ ಮಾಡತೊಡಗಿದಳು. ಆಲಿವ್ ಕಾಯನ್ನು ಮೊದಲೇ ಸೀಳಿ ನೀರಿಗೆ ಹಾಕಿ, ಅಡಿಗೆಮನೆಗೆ ಹೋದಾಗಲೆಲ್ಲ ನೀರು ಬದಲಾಯಿಸುತ್ತಿದ್ದಳು. ಬಟ್ಟೆ ಒಣಹಾಕಲು ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ. ಕಾಯಿ ಕಚ್ಚಿದರೆ ಬರೀ ಹುಲ್ಲಿನ ರುಚಿ ಬರುವವರೆಗೆ ಬಿಡುತ್ತಿರಲಿಲ್ಲ. ಅದಕ್ಕೆ ನಿಂಬೆ ಜಾಸ್ತಿ ಹಿಂಡಿ, ಬೆಳ್ಳುಳ್ಳಿ ಜಾಸ್ತಿ ಹಾಕಿ, ಮೊದಲಿನದೇ ಎಂದು ಮುಂದಿಟ್ಟಳು. ಅವನು ಒಂದು ತುತ್ತು ತಿಂದು, ಗೋಡೆ ನೋಡಿ, ಚೆನ್ನಾಗಿದೆ ಎಂದ. ಆ ಚೆನ್ನಾಗಿದೆ ಎಷ್ಟು ಸಪ್ಪೆಯಾಗಿತ್ತೆಂದರೆ ಅವಳಿಗೆ ಅಳುವೇ ಬಂತು. ಬೀದಿಯವರ ಬಾಟಲಿಗಳಿಗೆ ಮಾತ್ರ ಹಳೆಯ ಅಳತೆಯೇ ನಡೆಯುತ್ತಿತ್ತು; ಅಲ್ಲಿ ಕಡಿಮೆ ಮಾಡಿದರೆ ಯಾಕೆ ಎಂದು ಕೇಳುತ್ತಾರಲ್ಲ.

ಇಷ್ಟಾದರೂ ಕಾಲಿನ ಊತ ಇಳಿಯಲಿಲ್ಲ. ಅವನು ಮಲಗಿದಾಗ ಅವಳು ತನ್ನ ಅಗಲ ಹೆಬ್ಬೆರಳನ್ನು ಅವನ ಕಣಕಾಲಿಗೆ ಒತ್ತಿ ನೋಡುತ್ತಿದ್ದಳು. ಒತ್ತಿದ ಗುಳಿ ಹಾಗೇ ನಿಲ್ಲುತ್ತಿತ್ತು. ಡಾಕ್ಟರ್ ಕನ್ನಡಕದ ಮೇಲಿನಿಂದ ನೋಡಿ, ಎಲ್ಲಿಂದಲೋ ಉಪ್ಪು ಹೋಗ್ತಿದೆಯಮ್ಮ ಎಂದರು. ಅವಳಿಗೆ ಅವಮಾನವಾಯಿತು. ಬ್ರೆಡ್ಡಿನವನನ್ನು ವಿಚಾರಿಸಿದಳು, ಹಲ್ಲಿನ ಪೇಸ್ಟನ್ನು ನಾಲಿಗೆಗೆ ಹಚ್ಚಿಕೊಂಡು ನೋಡಿದಳು, ಕುಡಿಯುವ ನೀರನ್ನೂ ಅನುಮಾನಿಸಿದಳು. ಗಂಡನನ್ನು ಮಾತ್ರ ಅನುಮಾನಿಸಲಿಲ್ಲ. ಪಾಪ, ಅವನು ಎಷ್ಟು ಒಳ್ಳೆಯವನಾಗಿಬಿಟ್ಟಿದ್ದನೆಂದರೆ, ಕೆಲಸ ಬಿಟ್ಟವರು ಗಡ್ಡ ಬೆಳೆಸಿಕೊಂಡು ಮೂಲೆ ಹಿಡಿಯುವ ಹಾಗೆ ಮಾಡದೆ ದಿನಾ ಸಂಜೆ ಭಾವಮೈದುನನ ಅಂಗಡಿಗೆ ಇಳಿದು ಶೇವಿಂಗ್ ಮಾಡಿಸಿಕೊಂಡು ಬರುತ್ತಿದ್ದ. ಈ ವಯಸ್ಸಿನಲ್ಲಿ ಇಷ್ಟು ಚೊಕ್ಕವಾಗಿರುವ ಗಂಡ ಯಾರಿಗೆ ಸಿಗುತ್ತಾನೆ ಎಂದು ಅವಳು ಒಳಗೊಳಗೇ ಹಿಗ್ಗುತ್ತಿದ್ದಳು.

ಒಂದು ಸಂಜೆ ಹೊಲಿಗೆಯ ಕತ್ತರಿ ಮೊಂಡಾಗಿತ್ತೆಂದು, ಸಾಣೆ ಹಿಡಿಸಲು ಅದನ್ನು ತೆಗೆದುಕೊಂಡು ತಾನೇ ಕೆಳಗಿಳಿದು ಹೋದಳು. ತಮ್ಮ ಕ್ಷೌರದ ಕತ್ತಿ ಹಿಡಿದುಕೊಂಡು ಬೀದಿಯ ಆ ತುದಿಯನ್ನು ಕಾಯುತ್ತ ನಿಂತಿದ್ದ. ಅವಳು ಬಂದದ್ದು ಹಿಂಬಾಗಿಲಿನಿಂದ. ಕುರ್ಚಿಯಲ್ಲಿ ಕ್ರೇನಣ್ಣ ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು ಕೂತಿದ್ದ. ಮುಖದ ಮೇಲೆ ಸೋಪಿನ ಗುರುತೂ ಇಲ್ಲ. ಬಟ್ಟೆಯ ಅಡಿಯಲ್ಲಿ ಏನೋ ಅಲುಗಾಡಿತು. ಕೈಯೊಂದು ಹೊರಗೆ ಬಂತು. ಆ ಕೈಯಲ್ಲಿ ಬ್ರೆಡ್ಡಿತ್ತು, ಬ್ರೆಡ್ಡಿನ ಮೇಲೆ ಬೆರಳು ದಪ್ಪದ ಹಸಿರು. ಕನ್ನಡಿಯ ಮುಂದೆ ಪೌಡರ್ ಡಬ್ಬಿಯ ಪಕ್ಕದಲ್ಲಿ, ಅವಳೇ ಟಾರ್ಪಾಲಿನ್ ದಾರ ಕಟ್ಟಿ ಕೊಟ್ಟ ಬಾಟಲಿ ಬಾಯಿ ತೆರೆದುಕೊಂಡು ಕೂತಿತ್ತು. ಕನ್ನಡಿಯಲ್ಲಿ ಗಂಡ ಹೆಂಡತಿಯ ಕಣ್ಣು ಕೂಡಿದವು.

"ಶೇವಿಂಗ್ ಆಯ್ತಾ?" ಎಂದಳು.

ಬಾಯಿ ತುಂಬಿದ್ದರಿಂದ ಅವನು ತಲೆ ಮಾತ್ರ ಆಡಿಸಿದ.

"ಮುಖ ತೊಳ್ಕೊಂಡು ಬನ್ನಿ. ಮೀಸೆಗೆ ಹಸಿರು ಅಂಟಿದೆ."

ಕತ್ತರಿಯನ್ನು ಅಲ್ಲೇ ಇಟ್ಟು ಮೇಲೆ ಬಂದಳು. ಹಿಂದೆಯೇ ತಮ್ಮ ಓಡಿಬಂದ. ಭಾವ ಬಂದು, ನಿಮ್ಮಕ್ಕ ಹೊಟ್ಟೆ ಕರಗಿಸೋಕೆ ಪಥ್ಯ ಮಾಡಿಸ್ತಿದ್ದಾಳೆ, ಒಂಚೂರು ಕೊಡೋ ಎಂದು ಅಂಗಲಾಚಿದರೆ ಇಲ್ಲ ಎನ್ನಲು ಮನಸ್ಸು ಬರಲಿಲ್ಲವಂತೆ. ಅದೂ ಅಲ್ಲದೆ ತಾನೊಬ್ಬನೇ ಅಪರಾಧಿಯಲ್ಲ. ಬೀಗದವನ ಅಂಗಡಿಯಲ್ಲೂ ಇಸ್ತ್ರಿ ಅಜ್ಜಿಯ ಹತ್ತಿರವೂ ಭಾವನಿಗೆ ಒಂದೊಂದು ತುಂಡು ಕಾದಿರುತ್ತದಂತೆ. ಅವಳು ಕೇಳಿಸಿಕೊಂಡಳು. ಮನೆಯಲ್ಲಿ ಉಪ್ಪಿನ ಡಬ್ಬಿಯನ್ನು ಮುಚ್ಚಿಟ್ಟವಳು ಬೀದಿಯ ಉದ್ದಕ್ಕೂ ಅದನ್ನು ತಾನೇ ಬಾಟಲಿ ತುಂಬಿ ಹಂಚಿದ್ದಳು. ಗಂಡನ ಕಾಲಿನ ಆ ಗುಳಿಯನ್ನು ತೋಡಿದ್ದು ತನ್ನದೇ ಕೈ ಎಂದುಕೊಂಡಳು. ಜೊತೆಗೆ ಸಿಟ್ಟೂ ಬಂತು, ಬಾರದೆ ಏನು? ಸಾಯುತ್ತೀಯ ಎಂದು ಹೇಳಿದ ಮೇಲೂ ಬ್ರೆಡ್ಡಿನ ಹಿಂದೆ ಓಡುವ ಗಂಡಸಿಗೆ ಏನು ಹೇಳುವುದು? ಆದರೆ ಅವನು ಮೆಟ್ಟಿಲು ಹತ್ತಿ ಬಂದು, ತೊಳೆದ ಮೀಸೆಯಲ್ಲಿ ತಲೆ ತಗ್ಗಿಸಿ ನಿಂತಾಗ ಸಿಟ್ಟು ಅಷ್ಟೂ ನೀರಾಯಿತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಮನೆಮನೆಗೆ ಹೋಗಿ, ಅವರಿಗೆ ಕೊಡಬೇಡಿ ಎನ್ನಬಹುದಿತ್ತು. ಹಾಗೆಂದರೆ ಯಾಕೆ ಎನ್ನುತ್ತಾರೆ. ಮೊಣಕಾಲಿಗೂ ಉಪ್ಪಿಗೂ ಏನು ಸಂಬಂಧ? ಕೊಟ್ಟ ಮಾತು ಮುರಿಯಬೇಕಾಗುತ್ತದೆ. ಹಸಿರು ಮಾಡುವುದನ್ನೇ ಬಿಟ್ಟರೆ ಆ ಪ್ರಶ್ನೆ ಇನ್ನೂ ಜೋರಾಗಿ ಬರುತ್ತದೆ. ಅವಳು ಬಹಳ ಯೋಚಿಸಿ, ಕೊನೆಗೆ ತನಗೆ ಬರುವ ದಾರಿಯನ್ನೇ ಹಿಡಿದಳು. ಮುಂದಿನ ಸಲ ಬುಟ್ಟಿ ತುಂಬ ತಂದ ಆಲಿವ್ ಅಷ್ಟನ್ನೂ ಸೀಳಿ ದೊಡ್ಡ ಹಂಡೆಯಲ್ಲಿ ನೆನೆಹಾಕಿದಳು. ಹೋಗುತ್ತ ನೀರು ಬದಲಾಯಿಸಿದಳು, ಬರುತ್ತ ನೀರು ಬದಲಾಯಿಸಿದಳು. ಎಲ್ಲರ ಬಾಟಲಿಗೂ ಅದನ್ನೇ ತುಂಬಿದಳು.

ಆಮೇಲೆ ಶುರುವಾಯಿತು. ಬಾಟಲಿಗಳು ಮೊದಲು ತಡವಾಗಿ ವಾಪಸು ಬಂದವು, ಆಮೇಲೆ ಅರ್ಧ ತುಂಬಿದ ಹಾಗೇ ಬಂದವು. ಇಸ್ತ್ರಿ ಮುದುಕಿ, ನನಗೇ ಈಚೆಗೆ ಬಾಯಿ ರುಚಿ ಇಲ್ಲ ಕಣಮ್ಮ ಎಂದು ತನ್ನ ಮೇಲೆ ಹಾಕಿಕೊಂಡು ಹೇಳಿದಳು. ಬೀಗದವನಿಗೆ ಅಷ್ಟು ನಾಜೂಕಿಲ್ಲ; ಅತ್ತಿಗೆಗೆ ವಯಸ್ಸಾಯ್ತು, ಉಪ್ಪು ಹಾಕೋದು ಮರೀತಾರೆ ಎಂದು ಅಂಗಡಿಗೆ ಬಂದವರಿಗೆಲ್ಲ ಉಪ್ಪು ಖಾರ ಹಚ್ಚಿ ಹೇಳಿದ. ಕ್ಯಾಂಟೀನಿನವರು ಈ ವಾರ ಬೇಡ ಎಂದರು, ಮುಂದಿನ ವಾರ ಏನೂ ಹೇಳಲಿಲ್ಲ. ತಮ್ಮನಂತೂ ನೇರವಾಗಿ, ಅಕ್ಕ ಒಂದು ಸಲ ನಾಲಿಗೆ ತೋರಿಸಿಕೊಂಡು ಬಾ ಡಾಕ್ಟರಿಗೆ ಎಂದ. ಅವಳು, ಹೌದು ಕಣೋ, ಯಾಕೋ ಅಂದಾಜು ಸಿಗ್ತಿಲ್ಲ ಎಂದಳು. ಹಾಗೆ ಹೇಳುವಾಗ ಅವಳಿಗೆ ಎಷ್ಟು ನೋಯುತ್ತಿತ್ತು ಎಂಬುದನ್ನು ಅವಳ ಕಡೆಯಿಂದ ನಾನೇ ಹೇಳಿಬಿಡುತ್ತೇನೆ. ಓದಿದವಳಲ್ಲ, ಬಣ್ಣವಿಲ್ಲ, ಮಕ್ಕಳಿಲ್ಲ. ಅವಳಿಗೆ ಇದ್ದ ಹೆಸರೆಲ್ಲ ಆ ಬಾಟಲಿಯಲ್ಲಿತ್ತು. ಅದನ್ನು ಅವಳು ದಿನಕ್ಕಿಷ್ಟು ಎಂದು ನೀರಿನಲ್ಲಿ ತೊಳೆದು ಬಚ್ಚಲಿಗೆ ಚೆಲ್ಲುತ್ತಿದ್ದಳು.

ಇತ್ತ ಕ್ರೇನಣ್ಣನಿಗೆ ಬೀದಿಯಲ್ಲಿ ತಿನ್ನುವಂಥದ್ದು ಏನೂ ಉಳಿಯಲಿಲ್ಲ. ತಮ್ಮನ ಬಾಟಲಿಯೊಂದನ್ನೇ ಅವಳು ಬದಲಾಯಿಸಿದ್ದಾಳೆ ಎಂದುಕೊಂಡ. ಬೇರೆ ಅಂಗಡಿಗಳಿಗೆ ಹೋಗಲು ಆ ಕನ್ನಡಿಯ ನಂತರ ಮುಖವಿರಲಿಲ್ಲ. ಶೇವಿಂಗ್ ವಾರಕ್ಕೊಂದಕ್ಕೆ ಇಳಿಯಿತು. ಊತವೂ ಇಳಿಯಿತು. ಒಂದು ದಿನ ಅವಳು ಹೆಬ್ಬೆರಳು ಒತ್ತಿ ತೆಗೆದಾಗ ಚರ್ಮ ತಟಕ್ಕನೆ ಮೇಲೆದ್ದಿತು. ನಂಬಿಕೆಯಾಗದೆ ಮತ್ತೊಂದು ಕಡೆ ಒತ್ತಿದಳು, ಅಲ್ಲೂ ಎದ್ದಿತು. ಅವನು ನಿದ್ದೆಯಲ್ಲಿ, ಏನೇ ಅದು ಕಾಲು ಹೊಲೀತಿದೀಯಾ ಎಂದು ಗೊಣಗಿದ. ಅವಳು ಆ ದಿನ ಇಡೀ ಮನೆಯನ್ನು ತೊಳೆದು ಒರೆಸಿದಳು.

ಇಂಥ ಹೊತ್ತಿನಲ್ಲಿ ಸಿಗ್ನಲಣ್ಣ ನಿವೃತ್ತನಾದ. ಯಾರ್ಡಿನ ಕ್ಯಾಂಟೀನಿನಲ್ಲಿ ಅವನಿಗೊಂದು ಊಟ. ಬೀಗದವನ ಮಾತು ಅವನ ಕಿವಿಗೂ ಬಿದ್ದಿತ್ತು. ಆದರೂ ಮನೆಗೇ ಬಂದು, ಅತ್ತಿಗೆ, ನನಗೆ ನಿಮ್ಮ ಹಸಿರು ಇಲ್ಲದ ಊಟ ಬೇಡ ಎಂದು ಹೇಳಿಹೋದ. ಅವಳಿಗೆ ದಿಕ್ಕು ತೋಚಲಿಲ್ಲ. ಇಡೀ ಯಾರ್ಡು ಬರುತ್ತದೆ, ಹಳಬರು ಬರುತ್ತಾರೆ. ಇದೊಂದು ಸಲ ಹಳೆಯ ಕೈಯಲ್ಲಿ ಮಾಡಿದರೆ ಎಲ್ಲರ ಬಾಯಿ ಮುಚ್ಚುತ್ತದೆ. ಆದರೆ ಗಂಡನೂ ಅಲ್ಲೇ ಕೂತಿರುತ್ತಾನೆ, ಗೆಳೆಯರು ಬಡಿಸುತ್ತಾರೆ, ಬೇಡ ಎನ್ನಲು ಅವನಲ್ಲಿ ಕಾರಣವೂ ಇಲ್ಲ, ಮನಸ್ಸೂ ಇಲ್ಲ. ಪಾತ್ರೆ ತುಂಬ ಸಪ್ಪೆ ಹಸಿರು ಅರೆದಿಟ್ಟುಕೊಂಡು ಉಪ್ಪುನೀರಿನ ಶೀಶೆಯನ್ನು ಕೈಗೆತ್ತಿಕೊಂಡಳು. ಕೈ ತಾನಾಗಿ ಬಾಗಿತು. ಕಣಕಾಲಿನ ಗುಳಿ ನೆನಪಾಯಿತು. ಶೀಶೆಗೆ ಬಿರಡೆ ಹಾಕಿದಳು. ಯಾಕೆಂದು ಗೊತ್ತಿಲ್ಲದೆ ಅದನ್ನು ಚೀಲಕ್ಕೆ ಹಾಕಿಕೊಂಡೇ ಹೊರಟಳು.

ಕ್ಯಾಂಟೀನಿನ ಉದ್ದ ಮೇಜುಗಳಲ್ಲಿ ಜನ ತುಂಬಿದ್ದರು. ಹಸಿರನ್ನು ಎಲ್ಲರೂ ಹಳೆಯ ಅಭ್ಯಾಸದಂತೆ ದಪ್ಪಗೆ ಹಚ್ಚಿಕೊಂಡರು, ಒಂದು ತುತ್ತು ತಿಂದರು, ಮಾತು ಬದಲಾಯಿಸಿದರು. ಕ್ರೇನಣ್ಣ ಮಾತ್ರ ಒಂದು ಬಾಯಿ ತಿಂದು ಸುಮ್ಮನೆ ಸುತ್ತ ನೋಡಿದ. ಪ್ರತಿ ತಟ್ಟೆಯ ಅಂಚಿನಲ್ಲೂ ಕಚ್ಚಿ ಬಿಟ್ಟ ಬ್ರೆಡ್ಡಿತ್ತು. ಅಷ್ಟರಲ್ಲಿ ತಮ್ಮ, ಎಲ್ಲರನ್ನೂ ನಗಿಸುವುದೇ ತನ್ನ ಕೆಲಸ ಎಂದುಕೊಂಡವನು, ಎದ್ದು ನಿಂತ. "ಇವತ್ತು ರಿಟೈರ್ ಆಗಿರೋದು ಸಿಗ್ನಲಣ್ಣ ಒಬ್ಬರೇ ಅಲ್ಲ, ನಮ್ಮಕ್ಕನ ಕೈಯೂ ಆಗಿದೆ."

ನಗು ಎದ್ದಿತು. ಕೆಟ್ಟ ನಗುವಲ್ಲ, ಮನೆಯವರು ನಗುವ ಹಾಗೆಯೇ. ಅವಳೂ ನಕ್ಕಳು, ಪಾತ್ರೆಯ ಮುಚ್ಚಳವನ್ನು ಸರಿಮಾಡುತ್ತ, ಸರಿಯಾಗಿಯೇ ಇದ್ದ ಮುಚ್ಚಳವನ್ನು.

ಆ ಮುಚ್ಚಳದ ಮೇಲೆ ಆಡುತ್ತಿದ್ದ ಕೈಯನ್ನು ಕ್ರೇನಣ್ಣ ಆ ತುದಿಯಿಂದ ನೋಡಿದ. ಎಷ್ಟು ದಿನದಿಂದ ಹೀಗೆ ನಗುತ್ತಿದ್ದಾಳೆ ಎಂಬುದು ಅವನಿಗೆ ಒಮ್ಮೆಲೇ ತಿಳಿಯಿತು. ಸಭೆಯಲ್ಲಿ ಎಂದೂ ಬಾಯಿ ತೆರೆದವನಲ್ಲ, ಮೇಜು ಹಿಡಿದುಕೊಂಡು ಎದ್ದ.

"ಅವಳ ಕೈಗೆ ಏನೂ ಆಗಿಲ್ಲ. ಆಗಿರೋದು ನನ್ನ ಎದೆಗೆ," ಎಂದ. ನಗು ನಿಂತಿತು. "ಮೊಣಕಾಲು ಅಂತ ಸುಳ್ಳು ಹೇಳಿದ್ದು ನಾನು, ಹೇಳಬೇಡ ಅಂತ ಅವಳ ಬಾಯಿ ಕಟ್ಟಿದ್ದೂ ನಾನು. ನನಗೆ ಉಪ್ಪು ಕೂಡದು. ಆದ್ರೂ ನಿಮ್ಮ ಅಂಗಡಿ ಅಂಗಡಿಗೂ ಬಂದು ಕದ್ದು ತಿಂದೆ. ನನ್ನ ಕಾಯೋಕೆ ಅವಳು ನಿಮ್ಮೆಲ್ಲರ ಬಾಟಲಿ ಉಪ್ಪು ತೆಗೆದಳು, ನಿಮ್ಮ ಕೈಲಿ ಅನ್ನಿಸ್ಕೊಂಡಳು. ನನಗೆ ಈಗ, ಈ ತಟ್ಟೆಗಳನ್ನ ನೋಡಿದ ಮೇಲೆ ಗೊತ್ತಾಯ್ತು."

ಯಾವ ಮೌನಕ್ಕೆ ಅವನು ಇಷ್ಟು ದಿನ ಹೆದರಿದ್ದನೋ ಅದೇ ಬಂದು ಮೇಜುಗಳ ಮೇಲೆ ಕೂತಿತು. ಬೀಗದವನು ತನ್ನ ತಟ್ಟೆಯನ್ನು ದಿಟ್ಟಿಸುತ್ತಿದ್ದ. ಆ ಮೌನವನ್ನು ಮುರಿದದ್ದು ಸಿಗ್ನಲಣ್ಣ.

"ಹಾಗಾದ್ರೆ ನಾನು ತಂದುಕೊಟ್ಟ ಮೊಣಕಾಲೆಣ್ಣೆ?"

"ಕಿಟಕಿ ಮೇಲಿದೆ. ಮುಚ್ಚಳ ತೆಗೆದಿಲ್ಲ."

"ಕಳ್ಳ. ನಾಳೆ ಬಂದು ವಾಪಸು ತಗೊಂಡು ಹೋಗ್ತೀನಿ. ನನ್ನ ಮೊಣಕಾಲು ನಿಜವಾಗ್ಲೂ ನೋಯತ್ತೆ."

ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು, ಕ್ರೇನಣ್ಣನೂ. ಅವನ ಮುಂದಿನ ಲೋಟವನ್ನು ಯಾರೂ ಕಸಿದುಕೊಳ್ಳಲಿಲ್ಲ. ತಮ್ಮ ಮಾತ್ರ ನಗದೆ ಅಕ್ಕನ ಪಕ್ಕಕ್ಕೆ ಬಂದು ನಿಂತ. "ನನಗಾದ್ರೂ ಹೇಳ್ಬಾರ್ದಿತ್ತಾ ಅಕ್ಕಾ?"

"ಮಾತು ಕೊಟ್ಟಿದ್ದೆ ಕಣೋ," ಎಂದಳು. ಅವನು ಅವಳ ಕೈಯಿಂದ ಆ ಮುಚ್ಚಳವನ್ನು ತೆಗೆದುಕೊಂಡು ಹಿಡಿದುಕೊಂಡ. ಬೇರೇನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಅವಳು ಚೀಲದಿಂದ ಉಪ್ಪುನೀರಿನ ಶೀಶೆಯನ್ನು ತೆಗೆದಳು. ಬಿರಡೆ ಬಿಚ್ಚಿ ಪಾತ್ರೆಯ ಮೇಲೆ ಹಿಡಿದವಳು ಏನೋ ಅನ್ನಿಸಿ ತಲೆಯೆತ್ತಿದಳು. ಆ ತುದಿಯಲ್ಲಿ ಕ್ರೇನಣ್ಣ ಅವಳನ್ನೇ ನೋಡುತ್ತಿದ್ದ. ಗದ್ದಲದಲ್ಲಿ ಅಲ್ಲಿಂದ ಕೂಗಿದರೂ ಕೇಳಿಸುತ್ತಿರಲಿಲ್ಲ. ಅವನು ತನ್ನ ತಟ್ಟೆಯನ್ನು ಒಂದು ಕೈಯಿಂದ ಪಕ್ಕಕ್ಕೆ ಎಳೆದುಕೊಂಡು, ಇನ್ನೊಂದು ಕೈಯನ್ನು ಎತ್ತಿ, ಅಂಗೈ ಕೆಳಗೆ ಮಾಡಿ, ಅತ್ತಿತ್ತ ಮೆಲ್ಲಗೆ ಆಡಿಸಿದ. ನೀರಿಗೆ ಇಳಿಸು, ನಿಧಾನಕ್ಕೆ: ತನ್ನ ಪಾಲು ನೆನೆದದ್ದೇ ಇರಲಿ.

ಜೀವಮಾನವೆಲ್ಲ ಬೇರೆಯವರ ಸನ್ನೆ ನೋಡಿ ನಡೆದ ಮನುಷ್ಯ ತಾನೇ ಸನ್ನೆ ಮಾಡಿದ್ದನ್ನು ಪಕ್ಕದಲ್ಲಿ ಕೂತ ಸಿಗ್ನಲಣ್ಣ ಬಾಯಿ ಬಿಟ್ಟುಕೊಂಡು ನೋಡಿದ. ಅವಳು ತಲೆಯಾಡಿಸಿದಳು. ಮೊದಲು ಒಂದು ಬಟ್ಟಲು ತುಂಬ ಸಪ್ಪೆ ಹಸಿರನ್ನು ತೆಗೆದು ಪಕ್ಕಕ್ಕಿಟ್ಟು, ತಮ್ಮನಿಗೆ, ಇದು ನಿನ್ನ ಭಾವನಿಗೆ, ಯಾರೂ ಮುಟ್ಟೋ ಹಾಗಿಲ್ಲ ಎಂದಳು. ಆಮೇಲೆ ಉಳಿದದ್ದಕ್ಕೆ ಕಣ್ಣಂದಾಜಿನಲ್ಲಿ ಉಪ್ಪುನೀರು ಸುರಿದು ಕಲಸತೊಡಗಿದಳು. ಕೈ ಏನನ್ನೂ ಮರೆತಿರಲಿಲ್ಲ.